ಸಾಹೇಬರ ಮೂಗಿಗೆ ನನ್ನ ಮುಲಾಮು

ನಮ್ಮ ಮನೆಯ ಔಷಧಿಗಳೆಲ್ಲ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿವೆ. ನೆಗಡಿಯದು, ಬಿಪಿಯದು, ಮೊಣಕಾಲಿನದು, ಎಲ್ಲವೂ ಹೆಸರು ಕಾಣುವಂತೆ ಸಾಲಾಗಿ ನಿಂತಿವೆ. ಒಂದು ಟ್ಯೂಬು ಮಾತ್ರ ಡಬ್ಬಿಯ ತಳದಲ್ಲಿ ಮುಖ ಕೆಳಗೆ ಮಾಡಿ ಮಲಗಿದೆ. ನಾನೊಬ್ಬಳೇ ಇರುವ ಮನೆ ಇದು. ಡಬ್ಬಿ ತೆರೆಯುವವಳೂ ನಾನೇ, ಮುಚ್ಚುವವಳೂ ನಾನೇ. ಹಾಗಿದ್ದರೆ ಅದರ ಮುಖವನ್ನು ಯಾರಿಂದ ಮರೆಮಾಡಿದ್ದೀಯಮ್ಮಾ ಎಂದು ನೀವು ಕೇಳಬಹುದು. ನಿಮ್ಮ ಮನೆಯ ಡಬ್ಬಿಯಲ್ಲೂ ಅಂಥದ್ದೊಂದು ಇರಬಹುದು. ಇದ್ದರೆ ಮುಂದೆ ಓದಿ. ಇಲ್ಲದಿದ್ದರೂ ಓದಿ, ಆದರೆ ಸ್ವಲ್ಪ ಕರುಣೆಯಿಂದ.

ಅದು ಗಜಕರ್ಣದ ಮುಲಾಮು. ಸೀರೆ ಉಡುವ ಹೆಂಗಸರಿಗೆ ಒಳಲಂಗದ ಲಾಡಿ ಬಿಗಿಯುವ ಜಾಗ ಇರುತ್ತದಲ್ಲ, ನಡುವಿನ ಸುತ್ತ, ಪುಣೆಗೆ ಮಳೆಗಾಲ ಬಂದರೆ ನನಗೆ ಅಲ್ಲಿ ಅದು ಬರುತ್ತದೆ. ಮೂವತ್ತು ವರ್ಷ ಶಿವಾಜಿನಗರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ತರಗತಿಯ ಮಧ್ಯೆ ತುರಿಕೆ ಎದ್ದಾಗ ಮೇಜಿನ ಅಂಚಿಗೆ ನಡುವನ್ನು ಒತ್ತಿ ನಿಂತು ಸಾಮ್ರಾಜ್ಯಗಳ ಪತನವನ್ನು ವಿವರಿಸಿದ್ದೇನೆ. ವಿದ್ಯಾರ್ಥಿಗಳು ಅದನ್ನು ವಿಷಯದಲ್ಲಿನ ತನ್ಮಯತೆ ಎಂದುಕೊಂಡಿರಬೇಕು. ಔಷಧಿ ಅಂಗಡಿಯವನು ‘ಕುಠೇ ಝಾಲಂಯ?’, ಎಲ್ಲಿ ಆಗಿದೆ, ಎಂದು ಕೇಳಿದರೆ ಇಷ್ಟು ವರ್ಷವೂ ‘ಹಾತಾಲಾ’, ಕೈಗೆ, ಎಂದೇ ಹೇಳಿದ್ದೇನೆ. ಹೇಳುವಾಗ ನನ್ನ ಎರಡೂ ಕೈಗಳು ಅವನ ಗಾಜಿನ ಕಟ್ಟೆಯ ಮೇಲೆ ನಿಚ್ಚಳವಾಗಿ, ಕಲೆಯಿಲ್ಲದೆ ಕುಳಿತಿರುತ್ತವೆ. ಅವನು ಒಮ್ಮೆ ನೋಡುತ್ತಾನೆ, ಟ್ಯೂಬನ್ನು ಕಂದು ಕಾಗದದ ಚೀಲಕ್ಕೆ ಹಾಕುತ್ತಾನೆ. ಪುಣೆಯ ಎಲ್ಲ ಹೆಂಗಸರಿಗೂ ಕೈಗೇ ಆಗುತ್ತದೆ ಎಂದು ಅವನು ನಂಬಿಬಿಟ್ಟಿರಬೇಕು.

ಉಂಗುರದಷ್ಟು ಕಲೆಗೆ ಆನೆಯ ಕಿವಿ ಎಂದು ಹೆಸರಿಟ್ಟವರು ಯಾರೋ ತಿಳಿಯದು. ಮರಾಠಿಯಲ್ಲೂ ಅದೇ ಹೆಸರು; ಗಡಿಯ ಬಗ್ಗೆ ಏನೇ ಜಗಳವಿದ್ದರೂ ತುರಿಕೆಯ ವಿಷಯದಲ್ಲಿ ಎರಡೂ ಭಾಷೆಗಳು ಒಪ್ಪಿಕೊಂಡಿವೆ. ಅಂಚು ಅಗಲವಾಗುತ್ತ ಹೋಗುವುದರಿಂದ ಆ ಹೆಸರು ಬಂದಿರಬಹುದು, ಅಥವಾ ತುರಿಸಿಕೊಳ್ಳುವವರಿಗೆ ಅದು ಅಷ್ಟು ದೊಡ್ಡದೆನ್ನಿಸುವುದರಿಂದ. ನಾನು ಎರಡನೆಯ ಪಕ್ಷದವಳು. ಆ ಆನೆಯ ಕಿವಿಯನ್ನು ಮೂವತ್ತೈದು ಗ್ರಾಂ ತೂಕದ ಒಂದು ಹಕ್ಕಿಗೆ ನಾನು ಅಂಟಿಸಹೋದದ್ದನ್ನು ಈಗ ಹೇಳಬೇಕಾಗಿದೆ.

ಹಕ್ಕಿಯ ಹೆಸರು ಸಾಹೇಬರು. ಬಜರಿಗರ್ ಎಂಬ ಪುಟ್ಟ ಗಿಳಿ; ಅಂಗಡಿಗಳಲ್ಲಿ ಒಂದೇ ಇದ್ದರೂ ಲವ್ ಬರ್ಡ್ಸ್ ಎಂದು ಮಾರುತ್ತಾರೆ. ಹಸಿರು ಮೈ, ಹಳದಿ ತಲೆ, ಕೊಕ್ಕಿನ ಮೇಲೆ ಮೂಗಿರುವ ಜಾಗದಲ್ಲಿ ನೀಲಿ ಪಟ್ಟಿ. ಅದರ ಒಡತಿ ನಾಗಮ್ಮ. ಯಾದಗಿರಿ ಕಡೆಯವಳು, ಗಂಡ ಚಿಂಚವಡದ ಕಾರ್ಖಾನೆಯಲ್ಲಿ. ಪುಣೆಯ ಅಂಚಿನ ನಿಗಡಿಯಲ್ಲಿರುವ ನಮ್ಮ ಕಟ್ಟಡದ ಹಿಂದಿನ ಎರಡು ಕೋಣೆಯಲ್ಲಿದ್ದುಕೊಂಡು ಸುತ್ತಲಿನ ಕನ್ನಡದ ಮನೆಗಳಿಗೆಲ್ಲ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ನನ್ನ ಪಾಳಿ ಗುರುವಾರ. ‘ಸಾಹೇಬರು ಅಂತ ಯಾಕವ್ವ ಹೆಸರು?’ ಎಂದು ಒಮ್ಮೆ ಕೇಳಿದ್ದೆ. ‘ನೋಡ್ರಿ ಅಕ್ಕೋರ, ಕುಂತಲ್ಲೇ ಕುಂತು ಎಲ್ಲಾರನ್ನೂ ನೋಡ್ತಾರ. ಕೆಲಸ ಏನೂ ಮಾಡಂಗಿಲ್ಲ. ಹೊತ್ತಿಗೆ ಸರಿಯಾಗಿ ತಿನ್ನಾಕ ಬೇಕು. ಮತ್ತೇನ್ ಅನ್ನೂಣು?’ ಎಂದಿದ್ದಳು. ಸಾಹೇಬರಿಗೆ ಬರುತ್ತಿದ್ದುದು ಒಂದೇ ಮಾತು: ‘ಬರ್ರಿ.’ ಹಾಲಿನವನಿಗೂ ಬರ್ರಿ, ಮೀಟರ್ ನೋಡುವವನಿಗೂ ಬರ್ರಿ, ಬೆಕ್ಕಿಗೂ ಬರ್ರಿ. ನಾನು ಹೊಸಿಲಿಗೆ ಕಾಲಿಟ್ಟ ಕೂಡಲೇ ಕನ್ನಡದಲ್ಲಿ ಕರೆಯುವವರು ಈ ಊರಿನಲ್ಲಿ ನನಗೆ ಇಬ್ಬರೇ. ಅವರಲ್ಲಿ ಒಬ್ಬರು ಪಂಜರದಲ್ಲಿದ್ದರು.

ಕಳೆದ ಆಷಾಢದಲ್ಲಿ ನಾಗಮ್ಮ ಮಗಳ ಬಾಣಂತನಕ್ಕೆ ಊರಿಗೆ ಹೊರಟಳು. ಪಂಜರ ನನ್ನ ಮನೆಗೆ ಬಂತು.

‘ಐದು ವಾರ, ಅಕ್ಕೋರ. ನಮ್ಮ ಯಜಮಾನ್ರಿಗೆ ತಾವು ಉಣ್ಣೂದ ನೆನಪಿರಂಗಿಲ್ಲ, ಇವರಿಗೇನ್ ಹಾಕ್ತಾರ? ನೀವಂದ್ರ ಓದಿದವರು. ಭಾಳ ಸ್ವಚ್ಛ ಇರ್ತೀರಿ.’

ಆ ಸ್ವಚ್ಛ ಎಂಬ ಮಾತು ನನ್ನ ಲಾಡಿಯ ಕೆಳಗೆ ಚುರ್ ಎಂದಿತು.

ಇಲ್ಲಿ ನಾನೊಂದು ಮಾತು ಹೇಳಿಕೊಳ್ಳಬೇಕು. ನನಗೆ ನನ್ನ ನೆನಪಿನ ಮೇಲೆ ಭರವಸೆಯಿಲ್ಲ. ಅದು ಒಳ್ಳೆಯ ವಕೀಲನಂತೆ; ಯಾವ ಮೊಕದ್ದಮೆ ಬಂದರೂ ನನ್ನ ಪರವಾಗಿಯೇ ವಾದಿಸುತ್ತದೆ. ಅದಕ್ಕೇ ಇಪ್ಪತ್ತನೆಯ ವಯಸ್ಸಿನಿಂದ ದಿನಚರಿ ಬರೆಯುತ್ತೇನೆ. ಯಾವ ಸಾಕ್ಷಿಯನ್ನೂ ಅಡ್ಡಪ್ರಶ್ನೆ ಕೇಳದೆ ಒಳಗೆ ಬಿಡಬೇಡಿ ಎಂದು ಮಕ್ಕಳಿಗೆ ಕಲಿಸಿದ ನಾನು, ನನ್ನ ವಿಷಯದಲ್ಲಿ ಮಾತ್ರ ದಿನಚರಿಯನ್ನು ಕೇಳದೆಯೇ ನಂಬುತ್ತಿದ್ದೆ. ಈ ಪ್ರಬಂಧ ಬರೆಯುವ ಮೊದಲು ಆ ಪುಟಗಳನ್ನು ತೆರೆದೆ. ಸಾಹೇಬರ ಮೂಗಿನ ಮೇಲಿನ ಬಿಳಿಯನ್ನು ನಾನು ಮೊದಲು ಕಂಡದ್ದು ನಾಲ್ಕನೆಯ ದಿನ ಎಂದು ನನ್ನ ನೆನಪು. ದಿನಚರಿ ಮೊದಲ ದಿನವೇ ಬರೆದುಕೊಂಡಿದೆ: ‘ಹಕ್ಕಿ ಬಂತು. ಮೂಗಿನ ಮೇಲೆ ಬಿಳಿ ಪುಡಿ. ಕೇಳಿದ್ದಕ್ಕೆ, ಅದು ಹಿಟ್ರೀ ಅಕ್ಕೋರ, ರೊಟ್ಟಿ ಹಿಟ್ಟು, ಅಂದಳು.’

ದಿನಾ ನೂರು ರೊಟ್ಟಿ ಬಡಿಯುವ ಮನೆಯ ಹಕ್ಕಿಗೆ ಮೂಗಿನ ಮೇಲೆ ಹಿಟ್ಟಿಲ್ಲದೆ ಇನ್ನೇನು ಇದ್ದೀತು? ನಾಲ್ಕನೆಯ ದಿನ ಒದ್ದೆ ಬಟ್ಟೆಯಿಂದ ಆ ಹಿಟ್ಟನ್ನು ಒರೆಸಲು ಹೋದೆ. ಅದು ಹೋಗಲಿಲ್ಲ. ನೀಲಿ ಪಟ್ಟಿಯ ಮೇಲೆ, ಕೊಕ್ಕಿನ ಬದಿಗೆ, ಸಣ್ಣ ಸಣ್ಣ ತೂತುಗಳಿದ್ದ ಬಿಳಿ ಪದರ ಗಟ್ಟಿಯಾಗಿ ಕೂತಿತ್ತು.

ಆ ವಾರ ನನ್ನ ನಡುವಿನದು ಜೋರಾಗಿತ್ತು. ಟ್ಯೂಬು ಹಚ್ಚಿದ ಕೈಯನ್ನು ನಾನು ಸರಿಯಾಗಿ ತೊಳೆದಿದ್ದೆನೇ? ತೊಳೆಯದೆ ನವಣೆ ಹಾಕಿದೆನೇ? ಬೆರಳ ಮೇಲೆ ಕೂರಿಸಿಕೊಂಡಿದ್ದೆನಲ್ಲ? ಐದು ನಿಮಿಷದಲ್ಲಿ ತನಿಖೆ ಮುಗಿದು ತೀರ್ಪು ಬಂದಿತ್ತು: ನನ್ನದು ಅವರಿಗೆ ಹತ್ತಿದೆ. ಮೂವತ್ತು ವರ್ಷ ಬಚ್ಚಿಟ್ಟದ್ದು ಕೊನೆಗೆ ಒಬ್ಬರ ಮುಖದ ಮೇಲೆ, ಅದೂ ಮೂಗಿನ ಮೇಲೆ, ಎಲ್ಲರಿಗೂ ಕಾಣುವಂತೆ ಬಂದು ಕೂತಿದೆ.

ಫೋನಿನಲ್ಲಿ ಹುಡುಕಿದೆ. ಸಾಕುಹಕ್ಕಿಗಳ ಚರ್ಮಕ್ಕೆ ಬೂಷ್ಟಿನ ಸೋಂಕು ತಗುಲಿದರೆ ಮನೆಯಲ್ಲೇ ಏನು ಮಾಡಬಹುದು ಎಂಬ ಉದ್ದನೆಯ ಲೇಖನ ಸಿಕ್ಕಿತು. ಅದರ ಮೊದಲ ಸಾಲೇ, ಮೊದಲು ಹಕ್ಕಿಗಳ ವೈದ್ಯರಿಗೆ ತೋರಿಸಿ, ಬೇರೆ ರೋಗಗಳೂ ಹೀಗೇ ಕಾಣುತ್ತವೆ ಎಂದಿತ್ತು. ನಾನು ಎರಡನೆಯ ಸಾಲಿನಿಂದ ಓದಿದೆ. ಪೀಠಿಕೆ ಬಿಟ್ಟು ಓದಿದ ವಿದ್ಯಾರ್ಥಿಗಳ ಅಂಕ ಕತ್ತರಿಸಿದ ಕೈ ಇದು. ಆದರೆ ವೈದ್ಯರಲ್ಲಿಗೆ ಹೋದರೆ ಅವರು ಮನೆಯಲ್ಲಿ ಇನ್ನು ಯಾರಿಗಿದೆ ಎಂದು ಕೇಳುವುದಿಲ್ಲವೇ? ಮನೆಯಲ್ಲಿ ಇರುವುದು ನಾನೊಬ್ಬಳೇ. ಲೆಕ್ಕ ಹಾಕಲು ಅವರಿಗೆ ಕಷ್ಟವಾಗುತ್ತಿರಲಿಲ್ಲ.

ಚಿಕಿತ್ಸೆ ಶುರುವಾಯಿತು. ಮೊದಲು ಅರಿಸಿನ, ಹಳದಿ ತಲೆಯ ಮೇಲೆ ಹಚ್ಚಿದ್ದು ಕಾಣುವುದಿಲ್ಲ ಎಂಬ ಅನುಕೂಲವೂ ಇತ್ತು. ಆಮೇಲೆ ಬೇವಿನ ಎಲೆ ಕುದಿಸಿದ ನೀರಿನ ಸ್ನಾನ, ಬಿಸಿಲೇ ಇಲ್ಲದ ಮಳೆಗಾಲದಲ್ಲಿ, ದಿನಕ್ಕೆ ಎರಡು ಸಲ. ಆಮೇಲೆ ಕೊಬ್ಬರಿ ಎಣ್ಣೆ. ಯಾವುದಕ್ಕೂ ಜಗ್ಗಲಿಲ್ಲ ಎಂದು ಕೊನೆಗೆ ಡಬ್ಬಿಯ ತಳದ ಟ್ಯೂಬನ್ನು ಮೇಲೆತ್ತಿದೆ. ನನಗೆ ಕೆಲಸ ಮಾಡುತ್ತದೆ, ಅವರಿಗೇಕೆ ಮಾಡದು? ಬೆರಳ ತುದಿಯಲ್ಲಿ ಹೆಸರುಕಾಳಿನಷ್ಟು ತೆಗೆದುಕೊಂಡು ಮೂಗಿಗೆ, ಮೂಗಿನಿಂದ ಹಣೆಗೆ, ಇರಲಿ ಎಂದು ನೆತ್ತಿಗೂ ಸವರಿದೆ. ಸಾಹೇಬರು ಮುಖ ತಿರುಗಿಸಿದರು. ಹಿಡಿದು ಹಚ್ಚಿದೆ. ಐದು ದಿನ ಹಚ್ಚಿದೆ.

ಹಕ್ಕಿ ತನ್ನ ಮೈಯನ್ನು ಕೊಕ್ಕಿನಿಂದಲೇ ಬಾಚಿಕೊಳ್ಳುತ್ತದೆ, ಮೈಗೆ ಹಚ್ಚಿದ್ದೆಲ್ಲ ಅದರ ಹೊಟ್ಟೆಗೆ ಹೋಗುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಜಿಡ್ಡು ಹತ್ತಿದ ಗರಿ ಒದ್ದೆ ಹೊದಿಕೆಯಿದ್ದಂತೆ, ಮೈ ಬೆಚ್ಚಗಿಡುವುದಿಲ್ಲ ಎಂಬುದೂ ಹೊಳೆಯಲಿಲ್ಲ. ಸಾಹೇಬರು ಚೆಂಡಿನಂತೆ ಉಬ್ಬಿಕೊಂಡು ಒಂದೇ ಮೂಲೆಯಲ್ಲಿ ಕೂರತೊಡಗಿದರು. ನೆತ್ತಿಯ ಗರಿ ಉದುರಿ ಕೆಂಪು ಚರ್ಮ ಕಂಡಿತು. ಹಳಸಿದ ಹಿಟ್ಟಿನಂಥ ವಾಸನೆ. ಹಾಲಿನವನು ಬಂದ, ಹೋದ. ಯಾರೂ ಬರ್ರಿ ಅನ್ನಲಿಲ್ಲ.

ದಿನಚರಿ ಏನು ಹೇಳುತ್ತದೆ ಗೊತ್ತೇ? ಈ ಚಿಕಿತ್ಸೆ ನಡೆದ ಹನ್ನೊಂದು ದಿನಗಳ ಪುಟಗಳಲ್ಲಿ ಮಳೆಯಿದೆ, ಓದಿದ ಪುಸ್ತಕವಿದೆ, ಕೊನೆಯಲ್ಲಿ ಪ್ರತಿದಿನ ಒಂದೇ ಸಾಲು: ‘ಸಾಹೇಬರು ಆರಾಮ.’ ಹನ್ನೊಂದು ಸಲ, ಒಂದೇ ಶಾಯಿಯಲ್ಲಿ, ಅಕ್ಷರ ಕೂಡ ಸೊಟ್ಟಗಿಲ್ಲ. ನೆನಪು ಸುಳ್ಳು ಹೇಳುತ್ತದೆಂದು ಸಾಕಿಕೊಂಡ ದಿನಚರಿ ನೆನಪಿಗಿಂತ ದುಂಡಾದ ಅಕ್ಷರದಲ್ಲಿ ಸುಳ್ಳು ಹೇಳಿತ್ತು. ನಾನು ಯಾರು ಓದಲೆಂದು ಹಾಗೆ ಬರೆದೆ? ಮತ್ತೆ ಅದೇ ಡಬ್ಬಿ, ಅದೇ ಟ್ಯೂಬು, ಅದೇ ಯಾರೂ ಇಲ್ಲದ ಮನೆ.

ಈ ನಡುವೆ ನಾಗಮ್ಮನ ಫೋನು ಬರುತ್ತಿತ್ತು. ಹೆಣ್ಣು ಕೂಸು ಹುಟ್ಟಿದ ಸುದ್ದಿ ಹೇಳಿ, ಅದೇ ಉಸಿರಿನಲ್ಲಿ, ‘ಸಾಹೇಬ್ರು ಹೆಂಗ ಅದಾರ್ರಿ?’ ಎನ್ನುತ್ತಿದ್ದಳು.

‘ಆರಾಮ ಅದಾರವ್ವ.’

‘ಒಂದೀಟು ಫೋನು ಅವರ ಹತ್ರ ಹಿಡೀರಿ. ಬರ್ರಿ ಅನ್ನೂದು ಕೇಳಿದ್ರ ನನಗ ಅಲ್ಲೇ ಮನ್ಯಾಗ ಇದ್ದಂಗ ಆಗ್ತದ.’

ನಾನು ಫೋನು ಹಿಡಿದೆ. ಸಾಹೇಬರು ಕಣ್ಣು ಅರ್ಧ ಮುಚ್ಚಿಕೊಂಡು ಕೂತಿದ್ದರು. ಆ ಕಡೆ ನಾಗಮ್ಮ, ಅವಳ ಮಗಳು, ಯಾರೋ ಮುದುಕಿ, ಎಲ್ಲರೂ ಉಸಿರು ಹಿಡಿದಿರುವುದು ಕೇಳಿಸುತ್ತಿತ್ತು. ಆಗ ನಾನು ಏನು ಮಾಡಿದೆನೆಂದರೆ, ಓದುಗರೇ, ಎಂ.ಎ. ಪದವಿಯ, ಐವತ್ತೊಂಬತ್ತು ವರ್ಷದ, ನಿವೃತ್ತ ಅಧ್ಯಾಪಕಿಯಾದ ನಾನು ಮೂಗನ್ನು ಎರಡು ಬೆರಳಿನಿಂದ ಒತ್ತಿ ಹಿಡಿದು, ಸಣ್ಣ ದನಿಯಲ್ಲಿ, ‘ಬರ್ರೀ’ ಎಂದೆ. ಕೂಡಲೇ ಕೆಮ್ಮು ಬಂತು. ಅದನ್ನು ನನ್ನ ದನಿಯಲ್ಲೇ ಕೆಮ್ಮಿದೆ. ಆಮೇಲೆ ನಾಗಮ್ಮ, ‘ಛಲೋ ಆತ್ರಿ, ಇಡ್ತೀನಿ’ ಎಂದಳು.

ಫೋನು ಇಟ್ಟ ಮೇಲೆ ಸಾಹೇಬರ ಕಡೆ ನೋಡಿದೆ. ಅವರು ನನ್ನ ಕಡೆ ನೋಡಿದರು. ಆ ನೋಟವನ್ನು ತಡೆಯಲಾರದೆ ಮರುದಿನ ಬೆಳಿಗ್ಗೆ ಪಂಜರಕ್ಕೆ ಹಳೆಯ ದುಪಟ್ಟಾ ಸುತ್ತಿ ಪುಣೆಯ ದಂಡು ಪ್ರದೇಶವಾದ ಕ್ಯಾಂಪಿಗೆ ಹೊರಟೆ.

ಅಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಹಕ್ಕಿಗಳನ್ನು ನೋಡುವ ಡಾಕ್ಟರು ಇದ್ದಾರೆ. ಮರಾಠಿ ಹೆಣ್ಣುಮಗಳು, ನನ್ನ ವಿದ್ಯಾರ್ಥಿನಿಯಾಗಬಹುದಾದ ವಯಸ್ಸು. ಸಾಹೇಬರನ್ನು ಅಂಗೈಯಲ್ಲಿ ಹಿಡಿದು ಸಣ್ಣ ತಕ್ಕಡಿಯ ಮೇಲಿಟ್ಟರು. ಇಪ್ಪತ್ತೇಳು ಗ್ರಾಂ. ಮೂಗಿನ ಪದರವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ನನಗೂ ತೋರಿಸಿದರು. ಗುಂಡನೆಯ, ಗಿಡ್ಡ ಕಾಲಿನ ಜೀವಿಯೊಂದು ಕಂಡಿತು. ಅದು ಬೂಷ್ಟಲ್ಲ, ಹುಳ, ಬಜರಿಗರುಗಳಿಗೆ ಬರುವಂಥದ್ದು, ಮನುಷ್ಯರಿಂದ ಬರುವುದಿಲ್ಲ, ಕತ್ತಿನ ಹಿಂದೆ ಒಂದು ಹನಿ ಔಷಧಿ ಬಿದ್ದಿದ್ದರೆ ಅಷ್ಟಕ್ಕೇ ಹೋಗುತ್ತಿತ್ತು ಎಂದರು. ಆಮೇಲೆ ನೆತ್ತಿಯ ಕಡೆ ತಿರುಗಿದರು. ಇದು ಮಾತ್ರ ಬೂಷ್ಟು, ಇದು ಈಗ ಬಂದದ್ದು, ಜಿಡ್ಡಿನಲ್ಲಿ ತೇವದಲ್ಲಿ ಬೆಳೆದದ್ದು ಎಂದು ಹೇಳಿ ಬೆರಳಿಗೆ ಅಂಟಿದ್ದನ್ನು ಮೂಸಿದರು.

‘ಹೇ ಕೋಣೀ ಲಾವಲಂ?’ ಇದನ್ನು ಯಾರು ಹಚ್ಚಿದರು?

ನನಗೆ ನೆನಪಿರುವುದು ಇಷ್ಟು: ನಾನು ಏನೂ ಹೇಳಲಿಲ್ಲ. ಹಕ್ಕಿ ನನ್ನದಲ್ಲ, ಒಡತಿ ಊರಿಗೆ ಹೋಗಿದ್ದಾಳೆ ಎಂದು ಮೊದಲೇ ಹೇಳಿದ್ದೆ. ಡಾಕ್ಟರೇ ಒಡತಿ ಹಚ್ಚಿರಬೇಕೆಂದು ಊಹಿಸಿದರು. ನಾನು ಸುಮ್ಮನೆ ತಲೆ ತಗ್ಗಿಸಿದೆ. ಬೇಕಾದರೆ ಆಣೆ ಮಾಡಿ ಹೇಳುತ್ತಿದ್ದೆ. ಆದರೆ ಅಂದಿನ ದಿನಚರಿ, ಹನ್ನೊಂದು ದಿನ ಸುಳ್ಳು ಬರೆದ ಅದೇ ದಿನಚರಿ, ಅದೇಕೋ ಅಂದು ನಿಜ ಬರೆದಿದೆ: ‘ಡಾಕ್ಟರ್ ಕೇಳಿದರು. ಮಾಲಕೀಣ ಹಚ್ಚಿದಳು ಅಂದೆ. ಹಳ್ಳಿಯವಳು, ತಿಳಿಯುವುದಿಲ್ಲ ಅಂದೆ. ಯಾವ ಮುಲಾಮು ಎಂದರು. ಪರ್ಸಿನಿಂದ ತೆಗೆದು ಕೊಟ್ಟೆ.’

ನಾಗಮ್ಮನ ಮುಲಾಮು ನನ್ನ ಪರ್ಸಿನಲ್ಲಿತ್ತು. ಡಾಕ್ಟರು ಅದನ್ನು ಗಮನಿಸಿದರೋ ಇಲ್ಲವೋ. ಟ್ಯೂಬನ್ನು ತಿರುಗಿಸಿ ಅದರ ಮುಖವನ್ನು ಬೆಳಕಿಗೆ ಹಿಡಿದು ಓದಿದರು. ಇದರಲ್ಲಿ ಸ್ಟೀರಾಯ್ಡ್ ಇದೆ, ಮನುಷ್ಯರೇ ಕೇಳದೆ ಹಚ್ಚಿಕೊಳ್ಳಬಾರದು, ಇಂಥವರು ಹಕ್ಕಿ ಯಾಕೆ ಸಾಕುತ್ತಾರೆ ಎಂದರು. ಸಾಹೇಬರ ಹೆಸರಿನ ಕಾಗದದ ಮೇಲೆ ಇಂಗ್ಲಿಷಿನಲ್ಲಿ, ಒಡತಿ ಸ್ಟೀರಾಯ್ಡ್ ಕ್ರೀಮ್ ಹಚ್ಚಿದ್ದಾಳೆ ಎಂದು ಬರೆದರು. ಒಂದು ದಾಖಲೆ ಹುಟ್ಟುವುದನ್ನು ನಾನು ಕಣ್ಣಾರೆ ಕಂಡೆ. ಮುಂದೆ ಯಾರಾದರೂ ಆ ಕಾಗದವನ್ನು ಓದಿದರೆ ನಾಗಮ್ಮನೇ ತಪ್ಪಿತಸ್ಥೆ. ಇತಿಹಾಸ ಎಷ್ಟು ಸಲೀಸಾಗಿ ಕೆಡುತ್ತದೆ ಎಂದು ಮೂವತ್ತು ವರ್ಷ ಬಾಯಿಂದ ಹೇಳಿದವಳು ಅಂದು ಕೈಯಿಂದ ಮಾಡಿ ತೋರಿಸಿದ್ದೆ.

ನಿಜವಾದ ಮನೆಯ ಚಿಕಿತ್ಸೆ ಅಲ್ಲಿಂದ ಮುಂದೆ ನಡೆಯಿತು. ಡಾಕ್ಟರು ಹೇಳಿದ್ದು ಬಹಳ ಸರಳ, ನಾನು ಮಾಡಿದ್ದೆಲ್ಲದರ ತಿರುಗುಮುರುಗು. ಎಣ್ಣೆ ಬೇಡ, ಅರಿಸಿನ ಬೇಡ, ಸ್ನಾನ ಬೇಡ. ಅವರು ಕೊಟ್ಟ ತೆಳು ಔಷಧಿಯನ್ನು ಹತ್ತಿಯ ಕಡ್ಡಿಯಿಂದ ಚರ್ಮಕ್ಕಷ್ಟೇ, ಗರಿಗೆ ತಾಗದಂತೆ ಮುಟ್ಟಿಸುವುದು. ಸಾಹೇಬರು ಕೂರುವ ಹಳೆಯ ಮರದ ಕಡ್ಡಿಗಳನ್ನು ಎಸೆದು ಹೊಸವು ಹಾಕುವುದು. ಪಂಜರವನ್ನು ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸುವುದು. ಮೋಡ ಸರಿದಾಗ ಬೆಳಗಿನ ಎಳೆಬಿಸಿಲು, ಬೇಡವಾದರೆ ಸರಿದು ಕೂರಲು ಪಕ್ಕದಲ್ಲೇ ನೆರಳು. ಮುಚ್ಚಬೇಡಿ, ಗಾಳಿ ಆಡಲಿ. ಮತ್ತೆ ದಿನವೂ ಒಂದೇ ಹೊತ್ತಿಗೆ ತೂಕ ಮಾಡಿ ಬರೆದಿಡಿ.

ಅಡುಗೆಮನೆಯ ತಕ್ಕಡಿಯ ಮೇಲೆ ಸಣ್ಣ ಬಟ್ಟಲಿಟ್ಟು ಅದರಲ್ಲಿ ಸಾಹೇಬರನ್ನು ಕೂರಿಸುತ್ತಿದ್ದೆ. ಇಪ್ಪತ್ತೇಳು. ಇಪ್ಪತ್ತೇಳು. ಇಪ್ಪತ್ತಾರು. ಆ ಇಪ್ಪತ್ತಾರನ್ನು ಬರೆದ ದಿನ ನನಗೆ ಊಟ ಸೇರಲಿಲ್ಲ. ಒಂದು ಗ್ರಾಂ ಎಂದರೆ ಏನು, ನಾಲ್ಕು ಚಿಟಿಕೆ ಉಪ್ಪು. ಅಷ್ಟಕ್ಕೆ ಒಂದು ಜೀವ ತೂಗುತ್ತಿತ್ತು. ಮರುದಿನ ಇಪ್ಪತ್ತೇಳು, ಆಮೇಲೆ ಇಪ್ಪತ್ತೊಂಬತ್ತು. ಆರಾಮ ಎಂದು ಬರೆಯಲು ಬಂದ ಕೈಗೆ ಇಪ್ಪತ್ತಾರನ್ನು ಮೂವತ್ತು ಎಂದು ಬರೆಯಲು ಆಗಲಿಲ್ಲ, ಯಾಕೋ. ಅಂಕಿಗಳಿಗೆ ಸಂಕೋಚವಿಲ್ಲ.

ಡಾಕ್ಟರನ್ನು ಕಂಡ ಹನ್ನೆರಡನೆಯ ದಿನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ನಾಗಮ್ಮ. ಐದು ವಾರವೆಂದು ಹೋದವಳು ನಾಲ್ಕಕ್ಕೇ ಬಂದಿದ್ದಾಳೆ, ಕೈಯಲ್ಲಿ ಚೀಲ ಹಾಗೇ ಇದೆ. ನೇರವಾಗಿ ಒಳಗೆ ನಡೆದು ಪಂಜರದ ಮುಂದೆ ಕೂತಳು. ಸಾಹೇಬರ ಬೋಳು ನೆತ್ತಿಯನ್ನು ನೋಡಿದಳು. ಬೆರಳನ್ನು ಸರಳುಗಳ ನಡುವೆ ತೂರಿಸಿದಳು. ಸಾಹೇಬರು ಕುಪ್ಪಳಿಸಿ ಬಂದು ಅದರ ಮೇಲೆ ಕೂತರು.

‘ಸ್ವಲ್ಪ ಚರ್ಮದ ತ್ರಾಸು ಆಗಿತ್ತವ್ವ,’ ಎಂದೆ. ‘ಡಾಕ್ಟರಿಗೆ ತೋರ್ಸೀನಿ. ಈಗ ಸುಧಾರಸ್ಯದ.’

‘ಮತ್ಯಾವಾಗ ಕರದಾರ?’

‘ನಾಳೆ. ನೀ ಬರೂದೇನ ಬ್ಯಾಡ, ದಣದೀದಿ, ನಾನ ಒಯ್ತೀನಿ.’

‘ನನ್ನ ಹಕ್ಕಿ ಅಲ್ಲೇನ್ರಿ?’ ಎಂದಳು, ನನ್ನ ಕಡೆ ನೋಡದೆ.

ಮರುದಿನ ಇಬ್ಬರೂ ಆಕುರ್ಡಿಯಿಂದ ಲೋಕಲ್ ರೈಲು ಹತ್ತಿದೆವು. ಪಂಜರ ಅವಳ ತೊಡೆಯ ಮೇಲೆ. ಶಿವಾಜಿನಗರದವರೆಗೂ ನನಗೆ ಹೇಳಲು ಎಷ್ಟು ಸಮಯವಿತ್ತು! ಪ್ರತಿ ನಿಲ್ದಾಣದಲ್ಲೂ ಮುಂದಿನ ನಿಲ್ದಾಣ ಬರಲಿ, ಹೇಳುತ್ತೇನೆ ಎಂದುಕೊಂಡೆ. ನಿಲ್ದಾಣಗಳು ಮುಗಿದವು. ರಿಕ್ಷಾದಲ್ಲಿ ಹೇಳೋಣವೆಂದರೆ ರಿಕ್ಷಾ ಬಹಳ ಸದ್ದು ಮಾಡುತ್ತಿತ್ತು.

ಡಾಕ್ಟರು ತೂಕ ನೋಡಿ, ಮೂವತ್ತೆರಡು, ಎಂದು ಖುಷಿಪಟ್ಟರು. ನಾಗಮ್ಮನ ಕಡೆ ತಿರುಗಿ, ನೀವೇನಾ ಮಾಲಕೀಣ ಎಂದು ಕೇಳಿದರು. ಹೌದೆಂದಳು. ಆಮೇಲೆ ಅವರು ಅವಳಿಗೆ ಮರಾಠಿಯಲ್ಲಿ, ಜೋರಾಗಿ ಅಲ್ಲ, ಆದರೆ ಒಂದೊಂದು ಮಾತೂ ನಾಟುವಂತೆ ಹೇಳಿದರು: ಕಂಡದ್ದೆಲ್ಲ ಹಚ್ಚುತ್ತೀರಿ, ಪಾಪದ ಜೀವ, ಅದಕ್ಕೆ ಹೇಳಲು ಬಾಯಿಲ್ಲ, ನಿಮ್ಮ ತಪ್ಪಿನಿಂದ ಸಾಯುತ್ತಿತ್ತು, ಈ ಬಾಈ ಕರೆತರದಿದ್ದರೆ ಸತ್ತೇಹೋಗುತ್ತಿತ್ತು. ಈ ಬಾಈ, ಈ ಹೆಂಗಸು, ಎಂದರೆ ನಾನು. ನನ್ನ ಕಡೆ ಮೆಚ್ಚುಗೆಯಿಂದ ಕೈ ಬೇರೆ ತೋರಿಸಿದರು.

ನಾಗಮ್ಮನ ಮುಖ ಕೆಂಪಾಯಿತು. ಅವಳು ಪ್ರತಿಭಟಿಸುತ್ತಾಳೆ, ಆಗ ನಾನು ಬಾಯಿ ತೆರೆಯಲೇಬೇಕಾಗುತ್ತದೆ ಎಂದು ಕಾದೆ. ಅವಳು ತಲೆ ತಗ್ಗಿಸಿ, ‘ಚುಕಲಂ ಮಾಝಂ, ಬಾಈ’ ಎಂದಳು. ನನ್ನದು ತಪ್ಪಾಯಿತು. ನಾನು ಅವಳ ಪಕ್ಕದ ಕುರ್ಚಿಯಲ್ಲಿ ಪರ್ಸನ್ನು ಗಟ್ಟಿಯಾಗಿ ಹಿಡಿದು ಕೂತಿದ್ದೆ. ಆಗಲೂ ಬಾಯಿ ತೆರೆಯಲಿಲ್ಲ. ಇದನ್ನು ಮಾತ್ರ ನೆನಪೂ ದಿನಚರಿಯೂ ಒಂದೇ ರೀತಿ ಹೇಳುತ್ತವೆ.

ಮೆಟ್ಟಿಲಿಳಿಯುವಾಗ ಕೆಳಗಿನ ಬೇಕರಿಯಿಂದ ಬಿಸಿ ಬಿಸ್ಕತ್ತಿನ ವಾಸನೆ ಬರುತ್ತಿತ್ತು. ಅರ್ಧ ಮೆಟ್ಟಿಲಲ್ಲಿ ನಿಂತೆ.

‘ನಾಗಮ್ಮ, ಮುಲಾಮು ಹಚ್ಚಿದಾಕಿ ನಾನು. ನೀ ಅಂತ ಡಾಕ್ಟರಿಗೆ ಸುಳ್ಳು ಹೇಳಿದ್ದೆ.’

ಅವಳೂ ನಿಂತಳು. ಎರಡು ಮೆಟ್ಟಿಲು ಕೆಳಗೆ, ಪಂಜರವನ್ನು ಎದೆಗವಚಿಕೊಂಡು.

‘ಮತ್ತ ನಾ ತಪ್ಪಾತು ಅಂದೆನಲ್ರಿ!’

‘ಯಾಕಂದಿ?’

‘ನಾ ಕೊಬ್ರಿ ಎಣ್ಣಿ ಹಚ್ಚಿದ್ದೆ, ಊರಿಗೆ ಹೋಗೂಕಿಂತ ಮದ್ಲ. ಅದಕ್ಕ ಬೈಲಿಕ್ಕತ್ತಾರ ಅಂತ ತಿಳದೆ. ಮೂಗಿನ ಮ್ಯಾಗಿಂದು ಹಿಟ್ಟಲ್ರಿ, ಅದು ಮದ್ಲ ಇತ್ತು. ರೋಗದ ಹಕ್ಕಿ ಅಂದ್ರ ಅಕ್ಕೋರು ಇಟಗೊಳ್ಳಂಗಿಲ್ಲ ಅಂತ ಹಿಟ್ಟು ಅಂದಿದ್ದೆ. ನಾಚಿಕಿ ಬಂತ್ರಿ.’

ಒಂದು ಕ್ಷಣ ನನಗೆ ಹಗುರವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ತಪ್ಪು ಹಂಚಿಹೋಯಿತು, ಇನ್ನು ಸಮಾಧಾನ ಎಂದು ನನ್ನ ಒಳಗಿನ ವಕೀಲ ಕಡತ ಮುಚ್ಚತೊಡಗಿದ. ನಾಗಮ್ಮ ಬಿಡಲಿಲ್ಲ.

‘ಫೋನಿನ್ಯಾಗ ಒದರಿದಾಕಿನೂ ನೀವ ಹೌದಿಲ್ಲೋ?’

ಹೌದೆಂದು ತಲೆಯಾಡಿಸಿದೆ.

‘ನಮ್ಮ ಸಾಹೇಬ್ರು ಎಂದಾರ ಕೆಮ್ಮತಾರೇನ್ರಿ? ಅವತ್ತ ನನಗ ಗೊತ್ತಾತು, ಏನೋ ಆಗ್ಯದ ಅಂತ. ಸತ್ತಾರ ಅಂತ ತಿಳದೀನಿ. ಕೂಸಿಗೆ ಹೆಸರಿಟ್ಟ ಕೂಡ್ಲೇ ಬಾಣಂತಿ ಮಗಳನ್ನ ಬಿಟ್ಟು ಎಂಟು ದಿನ ಮದ್ಲ ಬಂದೀನಿ, ಅಕ್ಕೋರ. ಆಕಿ ಅಳ್ಕೋತ ಕಳಿಸ್ಯಾಳ.’

ಕ್ಷಮಿಸು ಎಂದೆನೋ ಏನೋ. ಅದು ಅವಳಿಗೆ ಕೇಳಿಸಿತೋ ಇಲ್ಲವೋ. ಅವಳು ಎರಡು ಮೆಟ್ಟಿಲು ಮೇಲೆ ಬಂದು ನನ್ನನ್ನು ದಾಟಿ ನಿಂತಳು.

‘ನಡೀರಿ ಮ್ಯಾಲ.’

‘ಯಾಕವ್ವ?’

‘ನನ್ನ ಪಾಲಿಂದು ನಾ ಬೈಸಿಕೊಂಡೀನಿ. ನಿಮ್ಮದು ನೀವು ಬೈಸ್ಕೊಳ್ರಿ.’

ಹೋದೆವು. ಒಳಗೆ ಈಗ ಒಬ್ಬರು ಕೋಳಿಯನ್ನು ಬಗಲಲ್ಲಿಟ್ಟುಕೊಂಡು ಕೂತಿದ್ದರು. ಒಬ್ಬ ಹುಡುಗಿ ಮೊಲ ತಂದಿದ್ದಳು. ನಾಗಮ್ಮ ನನ್ನನ್ನು ಮೇಜಿನವರೆಗೂ ಕರೆದೊಯ್ದು ಪಕ್ಕಕ್ಕೆ ಸರಿದಳು. ‘ಮೀ ಲಾವಲಂ,’ ಎಂದೆ. ನಾನು ಹಚ್ಚಿದೆ. ಡಾಕ್ಟರು ತಲೆಯೆತ್ತಿದರು. ಕಾಗದ ತರಿಸಿದರು, ಒಡತಿ ಎಂಬ ಪದದ ಮೇಲೆ ಗೆರೆ ಎಳೆದರು. ಆಮೇಲೆ ಅವರಿಗೇ ಏನೋ ಹೊಳೆದಂತಾಗಿ, ಹಾಗಾದರೆ ಆ ಟ್ಯೂಬು ಯಾರದು ಎಂದರು.

‘ನಂದೇ.’ ಗಾಬರಿಯಲ್ಲಿ ಕನ್ನಡ ಬಂದುಬಿಟ್ಟಿತು. ಅದನ್ನೇ ಮರಾಠಿಯಲ್ಲಿ ಹೇಳಿದೆ.

‘ಕುಠೇ ಝಾಲಂಯ?’

ಅದೇ ಪ್ರಶ್ನೆ. ನನ್ನ ಎರಡೂ ಕೈಗಳು ಅವರ ಮೇಜಿನ ಮೇಲೆ ನಿಚ್ಚಳವಾಗಿ ಕಾಣುತ್ತಿದ್ದವು. ‘ಹಾತಾಲಾ’ ನಾಲಿಗೆಯ ತುದಿಗೆ ಬಂದಿತ್ತು. ಕೋಳಿಯವರು ನೋಡುತ್ತಿದ್ದರು, ಮೊಲದ ಹುಡುಗಿ ನೋಡುತ್ತಿದ್ದಳು, ಕೋಳಿಯೂ ಒಂದು ಕಣ್ಣಿನಿಂದ ನೋಡುತ್ತಿತ್ತು.

‘ಕಂಬರೇಲಾ,’ ಎಂದೆ. ನಡುವಿಗೆ.

ಯಾರೂ ನಗಲಿಲ್ಲ. ಆಕಾಶ ಬೀಳಲಿಲ್ಲ. ಡಾಕ್ಟರು, ಅದನ್ನು ನಾನು ನೋಡಲು ಬರುವುದಿಲ್ಲ, ಮನುಷ್ಯರ ಚರ್ಮದ ಡಾಕ್ಟರಿಗೆ ತೋರಿಸಿ, ಆ ಟ್ಯೂಬನ್ನು ನಿಮಗೂ ಹಚ್ಚಬೇಡಿ ಎಂದಷ್ಟೇ ಹೇಳಿ ಕೋಳಿಯನ್ನು ಕರೆದರು. ನಾಗಮ್ಮ ಪಂಜರ ಎತ್ತಿಕೊಂಡು ನನ್ನ ಹಿಂದೆ ಮೆಟ್ಟಿಲಿಳಿದಳು. ರಸ್ತೆಗೆ ಬಂದ ಮೇಲೆ, ‘ಲಾಡಿ ಕಟ್ಟೂ ಜಾಗದಾಗೇನ್ರಿ?’ ಎಂದಳು.

‘ಹೌದು.’

‘ನನಗೂ ಅದ. ಒಲಿ ಮುಂದ ಕುಂತು ಕುಂತು. ಹತ್ತು ವರ್ಷ ಆತು,’ ಎಂದಳು. ಅದನ್ನು ಕ್ಷಮೆ ಎಂದು ತಿಳಿಯಲು ನನಗೆ ಆಸೆಯಿತ್ತು. ಆದರೆ ಅವಳು ಹಾಗೆಂದು ಹೇಳಲಿಲ್ಲ, ನಾನೂ ಹಾಗೆಂದು ದಿನಚರಿಯಲ್ಲಿ ಬರೆಯಲಿಲ್ಲ.

ಆ ಮೇಲಿನ ವಾರ ಇಬ್ಬರೂ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆವು. ಅವರು ಹೇಳಿದ್ದು ಸಾಹೇಬರ ಡಾಕ್ಟರು ಹೇಳಿದ್ದೇ: ಒಣಗಿರಲಿ, ಬಿಗಿಯಬೇಡಿ, ಗಾಳಿ ಆಡಲಿ. ಲಾಡಿಯ ಬದಲು ಅಗಲ ಪಟ್ಟಿಯ ಲಂಗ ಹೊಲಿಸಿಕೊಂಡಿದ್ದೇನೆ. ಹಳೆಯ ಟ್ಯೂಬು ಇನ್ನೂ ಡಬ್ಬಿಯ ತಳದಲ್ಲೇ ಇದೆ; ಎಸೆಯಲು ಮನಸ್ಸಾಗಿಲ್ಲ, ಹಚ್ಚಲು ಧೈರ್ಯವಿಲ್ಲ. ಮುಖ ಮೇಲೆ ಮಾಡಿ ಇಡಬೇಕೆಂದು ದಿನವೂ ಅಂದುಕೊಳ್ಳುತ್ತೇನೆ.

ಸಾಹೇಬರ ನೆತ್ತಿಯಲ್ಲಿ ಹಳದಿ ಗರಿ ಬಂದಿದೆ, ಕೂದಲು ಬಾಚಿಕೊಳ್ಳದ ಗುಮಾಸ್ತನಂತೆ ಸ್ವಲ್ಪ ಕೆದರಿಕೊಂಡು. ತೂಕ ಮೂವತ್ತೈದು. ಬೆಕ್ಕಿಗೆ, ಹಾಲಿನವನಿಗೆ ಬರ್ರಿ ಅನ್ನುತ್ತಾರಂತೆ. ನಾನು ಹೋದರೆ ಮಾತ್ರ ಕೊಂಚ ಹೊತ್ತು ತಲೆ ವಾರೆ ಮಾಡಿ ನನ್ನ ಕೈಗಳನ್ನೇ ನೋಡುತ್ತಾರೆ. ಕೈಯಲ್ಲಿ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಕರೆಯುತ್ತಾರೆ.

ನಾಗಮ್ಮ ಗುರುವಾರ ರೊಟ್ಟಿ ತರುತ್ತಾಳೆ. ಮೊದಲು ಬಾಗಿಲು ಬಡಿದು ಕೊಟ್ಟು ಹೋಗುತ್ತಿದ್ದವಳು ಈಗ ಕೆಳಗಿನ ಮೆಟ್ಟಿಲಿಂದಲೇ, ಮೂರು ಮಹಡಿಗೆ ಕೇಳುವಂತೆ ಕೂಗುತ್ತಾಳೆ: ‘ಅಕ್ಕೋರ, ಹೆಂಗ ಅದ್ರೀ ನಿಮ್ಮ ನಡ?’

ಮೊದಲ ಸಲ ಓಡಿಹೋಗಿ ಬಾಗಿಲು ಹಾಕಿಕೊಂಡೆ. ಎರಡನೆಯ ಸಲ ಒಳಗಿನಿಂದಲೇ ಶ್ಶ್ ಎಂದೆ. ಕಳೆದ ಗುರುವಾರ ಎದುರು ಮನೆಯ ದೇಶಪಾಂಡೆಯವರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಅವರಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ನಾನು ಮೆಟ್ಟಿಲಿನ ಕಟಕಟೆಗೆ ಬಂದು ಕೆಳಗೆ ಬಗ್ಗಿ, ಅಷ್ಟೇ ಜೋರಾಗಿ ಹೇಳಿದೆ:

‘ಒಣಗ್ಲಿಕ್ಕತ್ಯದವ್ವ! ನಿಂದು?’